ಅರ್ಧ ಬೆಟ್ಟದ ಗೆಳತಿ

ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತುಬಿಡುವುದು ನನ್ನ ಹಳೆಯ ಚಾಳಿ. ತಾರಸಿಗೆ ಬಟ್ಟೆ ಒಣಹಾಕಲು ಹೋಗುವಾಗಲೂ ಅಷ್ಟೆ, ನಮ್ಮ ಶಾಲೆಯ ಮಹಡಿಯಲ್ಲಿರುವ ಆರನೇ ತರಗತಿಗೆ ಪಾಠಕ್ಕೆ ಹೋಗುವಾಗಲೂ ಅಷ್ಟೆ. ಅರ್ಧಕ್ಕೆ ನಿಂತು, ಯಾರೋ ಹಿಂದೆ ಉಳಿದಿದ್ದಾರೇನೋ ಎನ್ನುವ ಹಾಗೆ ತಿರುಗಿ ನೋಡಿ, ಆಮೇಲೆ ಮುಂದುವರಿಯುತ್ತೇನೆ. ಮನೆಯಲ್ಲಾದರೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಮೊನ್ನೆ ಚಳ್ಳಕೆರೆಯ ಒಂದು ಮದುವೆಯಲ್ಲಿ ಊಟದ ಹಾಲ್ ಮಹಡಿಯ ಮೇಲಿತ್ತು. ಮೊದಲ ಪಂಕ್ತಿ ಹಿಡಿಯಲು ನುಗ್ಗುತ್ತಿದ್ದ ಜನರ ನಟ್ಟನಡುವೆ ನಾನು ನಿಂತೆ. ಹಿಂದಿದ್ದವರು ನನಗೆ ಡಿಕ್ಕಿ ಹೊಡೆದರು, ಅವರಿಗೆ ಅವರ ಹಿಂದಿನವರು.

"ಏನವ್ವಾ, ಇಲ್ಲೇ ಎಲೆ ಹಾಕ್ಸಾಣೇನು?" ಎಂದು ಕೆಳಗಿನಿಂದ ಹಿರಿಯರೊಬ್ಬರು ಕೂಗಿದರು.

ನನ್ನ ಯಜಮಾನರು ನನ್ನನ್ನು ಪಾರು ಮಾಡುವ ಉತ್ಸಾಹದಲ್ಲಿ, "ಅವಳಿಗೆ ಮಂಡಿನೋವು ರೀ" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಪಾಯಸ ಬಡಿಸುವ ಹೊತ್ತಿಗೆ ನನ್ನ ಮಂಡಿಗೆ ಹಲವು ಬಗೆಯ ಎಣ್ಣೆಗಳೂ ಕಟ್ಟಿಕೊಳ್ಳಲು ಒಂದು ಪಟ್ಟಿಯೂ ಶಿಫಾರಸಾಗಿದ್ದವು. ಎಣ್ಣೆ ಗಿರಣಿಗಳ ಊರು ನೋಡಿ, ಯಾವ ಕಾಯಿಲೆಗೂ ಮೊದಲು ನೆನಪಾಗುವುದು ಎಣ್ಣೆಯೇ.

ನನ್ನ ಮಂಡಿ ಚೆನ್ನಾಗಿಯೇ ಇದೆ. ಅರ್ಧದಲ್ಲಿ ನನ್ನನ್ನು ನಿಲ್ಲಿಸುವವಳು ಓಬಮ್ಮ.

ನನ್ನ ಅಪ್ಪ ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದಲ್ಲಿ ಶಾಲೆಯ ಮೇಷ್ಟ್ರಾಗಿದ್ದರು. ಓಬಮ್ಮ ಅದೇ ಊರಿನ ಕುರಿ ಸಾಕುವವರ ಮನೆಯ ಹುಡುಗಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕುರಿಗಳ ಜೊತೆ ಇವೆರಡೂ ಅಲ್ಲದ ಇನ್ನೊಂದು ಭಾಷೆ. ಹೀಗೆ ಅವಳಿಗೆ ಮೂರು ಭಾಷೆ ಬರುತ್ತಿತ್ತು. ಮೇಷ್ಟ್ರ ಮಗಳಾದ ನನಗೆ ಒಂದೇ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಗೋಣಿತಾಟಿನ ಮೇಲೆ ಕೂರುತ್ತಿದ್ದೆವು. ನಾನು ಪುಕ್ಕಲಿ. ಹಲ್ಲಿ ಕಂಡರೂ ಅಳು. ಓಬಮ್ಮ ಹಲ್ಲಿಯನ್ನು ಬಾಲ ಹಿಡಿದು ಎತ್ತಿ ಕಿಟಕಿಯಿಂದ ಹೊರಗೆ ಬಿಟ್ಟು ಬರುತ್ತಿದ್ದಳು. ಸಂಜೆ ಅವರ ಮನೆಯ ಮರಿಗಳ ರೊಪ್ಪದಲ್ಲಿ, ಆಗಷ್ಟೇ ಹುಟ್ಟಿದ ಕುರಿಮರಿಗಳ ನಡುವೆ ಕೂತು ಆಡಿ ಮನೆಗೆ ಹೋದರೆ ನನ್ನ ಮೈಯೆಲ್ಲ ಉಣ್ಣೆಯ ವಾಸನೆ. ನನ್ನ ಅಮ್ಮ ಮೂಗು ಮುಚ್ಚಿಕೊಂಡು ನನ್ನನ್ನು ಸೀದಾ ಬಚ್ಚಲಿಗೆ ಕಳಿಸುತ್ತಿದ್ದಳು. ಈಗಲೂ ಚಳ್ಳಕೆರೆಯ ಸಂತೆಯಲ್ಲಿ ಕಂಬಳಿ ಮಾರುವವರ ಮುಂದೆ ಹಾದುಹೋಗುವಾಗ ಸುಮ್ಮನೆ ಒಂದು ಕಂಬಳಿ ಬಿಡಿಸಿ ಮೂಗಿಗೆ ಹಿಡಿಯುತ್ತೇನೆ. ಮಾರುವವರು ನಾನು ಗುಣಮಟ್ಟ ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡು, "ಒಳ್ಳೇ ಉಣ್ಣೆ ಮೇಡಂ, ಮಿಕ್ಸ್ ಇಲ್ಲ" ಎನ್ನುತ್ತಾರೆ. ತಲೆಯಾಡಿಸಿ, ಎಷ್ಟೋ ಸಲ ಸಂಕೋಚಕ್ಕೆ ಕೊಂಡೂಬಿಡುತ್ತೇನೆ. ನಮ್ಮ ಮನೆಯಲ್ಲಿ ಯಾರಿಗೂ ಬೇಡದ ಕಂಬಳಿಗಳು ಒಂದಷ್ಟು ಸೇರಿರುವುದು ಹೀಗೆಯೇ.

ಓಬಮ್ಮನಿಗೆ ಓಡಲು ಆಗುತ್ತಿರಲಿಲ್ಲ. "ಎದಿಯಾಗೆ ತೂತು ಐತಂತೆ" ಎಂದು ಅವಳೇ ಹೇಳಿದ್ದಳು, ಅಂಗಿಯಲ್ಲಿ ತೂತು ಇದೆ ಎನ್ನುವಷ್ಟು ಸಲೀಸಾಗಿ. ನಾನದನ್ನು ಸೋರುವ ಬಿಂದಿಗೆಯ ಹಾಗೆ ಕಲ್ಪಿಸಿಕೊಂಡಿದ್ದೆ. ಎಷ್ಟು ಉಸಿರು ತುಂಬಿಸಿದರೂ ಸ್ವಲ್ಪ ಹೊತ್ತಿಗೆ ಖಾಲಿಯಾಗುತ್ತದೆ, ಮತ್ತೆ ಕೂತು ತುಂಬಿಸಿಕೊಳ್ಳಬೇಕು. ಅವಳು ದಣಿದಾಗ ತುಟಿ ನೀಲಿಗೆ ತಿರುಗುತ್ತಿತ್ತು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ಬಣ್ಣ ಇರಲಿಲ್ಲ. ನನ್ನ ತುಟಿಯೂ ಹಾಗೇ ಆಗಲಿ ಎಂದು ಹಳ್ಳದ ದಂಡೆಯ ಮರದಡಿ ಬಿದ್ದ ನೇರಳೆಹಣ್ಣುಗಳನ್ನು ಮುಕ್ಕುತ್ತಿದ್ದೆ. ಇಬ್ಬರೂ ಅವರ ಮನೆಯ ಒಡಕು ಕನ್ನಡಿಯ ಮುಂದೆ ನಿಂತು ಯಾರ ತುಟಿ ಹೆಚ್ಚು ನೀಲಿ ಎಂದು ನೋಡಿಕೊಳ್ಳುತ್ತಿದ್ದೆವು. ಅವಳ ತಾಯಿ ಬೋರಕ್ಕ ಒಮ್ಮೆ ನಮ್ಮ ಈ ಆಟ ನೋಡಿ, ಕನ್ನಡಿಯನ್ನು ಮೊಳೆಯಿಂದ ತೆಗೆದು ಒಳಗೆ ಇಟ್ಟುಬಿಟ್ಟರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಶ್ರಾವಣದ ಸೋಮವಾರಗಳಂದು ಊರವರೆಲ್ಲ ಜಟಿಂಗ ರಾಮೇಶ್ವರದ ಬೆಟ್ಟ ಹತ್ತುತ್ತಿದ್ದರು. ಓಬಮ್ಮನೂ ಬರುತ್ತಿದ್ದಳು, ಆದರೆ ಅರ್ಧದವರೆಗೆ ಮಾತ್ರ. ಅಲ್ಲೊಂದು ದೊಡ್ಡ ಬಂಡೆಯ ನೆರಳಿನಲ್ಲಿ ಕೂತು, "ನೀ ಹೋಗಿ ಬಾ, ಮ್ಯಾಲೆ ಏನೈತೆ ನೋಡ್ಕಂಡು ಬಂದು ಹೇಳು" ಎಂದು ನನ್ನನ್ನು ಕಳಿಸುತ್ತಿದ್ದಳು. ಮೊದಲ ಸಲ ನಾನು ಓಡೋಡಿ ಇಳಿದು ಬಂದು ನಿಜವನ್ನೇ ವರದಿ ಮಾಡಿದೆ. ಗುಡಿ ಐತೆ, ಲಿಂಗ ಐತೆ, ಕೋತಿ ಅದಾವೆ.

"ಅಷ್ಟೇನಾ?" ಎಂದಳು. ಮುಖ ಸಣ್ಣದಾಯಿತು.

ಆ ಮುಖ ನೋಡಲಾಗದೆ ಮುಂದಿನ ಸಲ ಸ್ವಲ್ಪ ಸೇರಿಸಿದೆ. ಮೇಲಿನ ಕೊಳದಲ್ಲಿ ಮೂಗುತಿ ಹಾಕಿಕೊಂಡ ಮೀನು ಇದೆ ಎಂದೆ. ಬಂಡೆಗಳ ಸಂದಿಯಲ್ಲಿ ಹಳೇ ಕಾಲದ ಹಕ್ಕಿಯೊಂದರ ಗರಿ ಬಿದ್ದಿದೆ, ನಮ್ಮ ಶಾಲೆಯ ಬಾಗಿಲಷ್ಟು ಉದ್ದ ಎಂದೆ.

"ಅಬದ್ದಂ" ಎಂದಳು ಓಬಮ್ಮ. ತೆಲುಗಿನಲ್ಲಿ ಸುಳ್ಳು ಎಂದರ್ಥ. ನಾನು ನಾಚಿಕೆಯಿಂದ ಸುಮ್ಮನಾದೆ. ಆಗ ಅವಳು ಮೊಣಕೈಯಿಂದ ತಿವಿದು, "ಇಂಕಾ ಚೆಪ್ಪು" ಎಂದಳು. ಇನ್ನೂ ಹೇಳು.

ನಾನು ಏನಾದರೂ ನಾಲ್ಕು ಸಾಲು ಕಥೆ ಕಟ್ಟಬಲ್ಲವಳಾಗಿದ್ದರೆ ಅದನ್ನು ಕಲಿತದ್ದು ಆ ಬಂಡೆಯ ನೆರಳಿನಲ್ಲಿ. ಸುಳ್ಳೆಂದು ಗೊತ್ತಿದ್ದೂ ಇನ್ನೂ ಹೇಳು ಎನ್ನುವ ಕೇಳುಗರು ಆಮೇಲೆ ನನಗೆ ಅಷ್ಟಾಗಿ ಸಿಗಲಿಲ್ಲ.

ನಾವು ಆರನೇ ತರಗತಿಯಲ್ಲಿದ್ದಾಗ, ದಸರಾ ರಜೆಯಲ್ಲಿ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಈ ಸಲ ನಾನು ನೋಡ್ಕಂಡು ಬಂದು ಹೇಳ್ತೀನಿ, ನೀನು ಕೇಳು" ಎಂದಳು. ಅವಳಿಗೆ ಹೊಸ ಲಂಗ ಹಾಕಿದ್ದರು. ಜಾತ್ರೆಗೆ ಹೊರಟವಳ ಹಾಗೆ ಖುಷಿಯಾಗಿದ್ದಳು. ನನಗೆ ಹೊಟ್ಟೆಕಿಚ್ಚೇ ಆಯಿತು.

ಉಳಿದ ರಜೆಯನ್ನು ಅಜ್ಜಿಯ ಊರಿನಲ್ಲಿ ಕಳೆದು ಬಂದು ಶಾಲೆಗೆ ಹೋದಾಗ ತಾಟಿನ ಮೇಲೆ ನನ್ನ ಪಕ್ಕ ಖಾಲಿ. ಅಪ್ಪ ನನ್ನನ್ನು ವರಾಂಡಕ್ಕೆ ಕರೆದು, "ಓಬಮ್ಮ ಇನ್ನು ಸ್ಕೂಲಿಗೆ ಬರಲ್ಲಮ್ಮ" ಎಂದರು.

"ಟಿ.ಸಿ. ತಗೊಂಡ್ಳಾ ಅಪ್ಪ?" ಎಂದು ಕೇಳಿದೆ.

ಅಪ್ಪ ಸೀಮೆಸುಣ್ಣ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಹ್ಞೂಂ" ಎಂದರು.

ಅಲ್ಲಿಂದ ಮುಂದಕ್ಕೆ ನನ್ನ ನೆನಪು ಕಿತ್ತುಹೋಗಿದೆ. ನಿಜ ಯಾವಾಗ ತಿಳಿಯಿತು, ಯಾರು ಹೇಳಿದರು, ನಾನು ಅತ್ತೆನೋ ಇಲ್ಲವೋ ಒಂದೂ ಇಲ್ಲ. ಮತ್ತೆ ನೆನಪು ಶುರುವಾಗುವುದು ಅಪ್ಪನಿಗೆ ವರ್ಗವಾಗಿ ಬಂದ ಚಳ್ಳಕೆರೆಯಲ್ಲಿ. ಹೊಸ ಶಾಲೆ, ಬೀದಿಯ ತುಂಬ ಶೇಂಗಾ ಹಿಂಡಿಯ ಘಮ, ಹೆಸರು ಗೊತ್ತಿಲ್ಲದ ಹುಡುಗಿಯರು.

ಇಷ್ಟು ವರ್ಷದ ಮೇಲೆ, ಮಕ್ಕಳ ಕಾದಂಬರಿಯೊಂದನ್ನು ಬರೆಯುವ ಹುಚ್ಚು ನನಗೆ ಹಿಡಿಯಿತು. ನಮ್ಮ ಆರನೇ ತರಗತಿಯ ಮಕ್ಕಳಿಗೆ ಕೊಡಲು ಅವರ ವಯಸ್ಸಿನ, ಅವರ ಸೀಮೆಯ ಕಥೆ ಹುಡುಕಿ ಸೋತು, ನಾನೇ ಬರೆದುಬಿಡುತ್ತೇನೆ ಎಂದು ಹೊರಟೆ. ಮನೆಯಲ್ಲಿ ಸಾರು ಸೀದಿತು, ಯಜಮಾನರು ಕಾಫಿ ಮಾಡುವುದನ್ನು ಕಲಿತರು. ಕಥೆಯಲ್ಲಿ ಇಬ್ಬರು ಹುಡುಗಿಯರು, ಒಂದು ಬೆಟ್ಟ. ಓಬಮ್ಮನಿಗೆ ಗೌರಿ ಎಂದು ಹೆಸರಿಟ್ಟೆ. ಶನಿವಾರದ ಬೆಳಗಿನ ಶಾಲೆಯಲ್ಲಿ, ಕೊನೆಯ ಪಿರಿಯಡ್‌ನಲ್ಲಿ ಒಂದೊಂದೇ ಅಧ್ಯಾಯ ಓದುತ್ತಿದ್ದೆ. ಹಲ್ಲಿಯ ಪ್ರಸಂಗಕ್ಕೆ ನಕ್ಕರು, ಮೂಗುತಿ ಮೀನಿನ ಚಿತ್ರ ಬರೆದು ತಂದರು. ಗೌರಿ ಆಸ್ಪತ್ರೆಗೆ ಹೋಗುವ ಅಧ್ಯಾಯ ಬಂತು. ನನ್ನ ಕೈ ಅಲ್ಲಿ ನಿಂತುಹೋಯಿತು. ಕೊನೆಗೆ ದೊಡ್ಡ ಡಾಕ್ಟರೊಬ್ಬರನ್ನು ಕರೆಸಿ, ಆಪರೇಷನ್ ಮಾಡಿಸಿ, ಇಬ್ಬರನ್ನೂ ಕೈ ಕೈ ಹಿಡಿಸಿ ಬೆಟ್ಟದ ತುದಿಗೆ ಹತ್ತಿಸಿಬಿಟ್ಟೆ. ಓದಿದಾಗ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ನಾನೂ ಕಣ್ಣೊರೆಸಿಕೊಂಡು ಹೆಮ್ಮೆಪಟ್ಟುಕೊಂಡೆ.

ಚಪ್ಪಾಳೆ ಹೊಡೆಯದವಳು ನಸ್ರೀನ್ ಒಬ್ಬಳೇ. ಹೆಚ್ಚು ಮಾತಾಡದ ಹುಡುಗಿ. ಹಿಂದಿನ ಬೇಸಿಗೆಯಲ್ಲಿ ಅವಳ ಅಣ್ಣ ಗೆಳೆಯರ ಜೊತೆ ಕಲ್ಲುಕ್ವಾರಿಯ ಹೊಂಡದಲ್ಲಿ ಈಜಲು ಹೋಗಿ ತೀರಿಕೊಂಡಿದ್ದ. ಇಂಥ ಮಗು ಕ್ಲಾಸಿನಲ್ಲಿದೆ ಎಂಬುದೂ ನಾನು ಗೌರಿಯನ್ನು ಬದುಕಿಸಲು ಒಂದು ಕಾರಣವಾಗಿತ್ತು.

"ನಿನಗೆ ಹಿಡಿಸ್ಲಿಲ್ವಾ ಪುಟ್ಟಾ?" ಎಂದು ಕೇಳಿದೆ.

"ಸುಳ್ಳು ಮಿಸ್" ಎಂದಳು.

"ಕಥೆ ಅಲ್ವಾ."

"ಮೀನಿಗೆ ಮೂಗುತಿ ಇತ್ತಲ್ಲ, ಅದು ಕಥೆ ಮಿಸ್. ಇದು ಸುಳ್ಳು." ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. "ಎಲ್ಲಾ ಕಥೆಯಾಗೂ ಬದುಕ್ತಾರೆ. ನಮ್ಮ ಭಾಯಿ ಬದುಕ್ಲಿಲ್ಲ. ಗೌರಿ ಸತ್ತೋದ್ರೆ ಆ ಇನ್ನೊಂದು ಹುಡುಗಿ ಏನ್ ಮಾಡ್ತಾಳೆ ಅಂತ ಬರೀರಿ ಮಿಸ್. ನನಗೆ ಅದು ಬೇಕು."

ಗಂಟೆ ಹೊಡೆಯಿತು. ಮಕ್ಕಳು ಎಂದಿನ ಹಾಗೆ ಗದ್ದಲ ಮಾಡದೆ ಹೊರಗೆ ಹೋದರು.

ನಸ್ರೀನ್ ಕೇಳಿದ್ದನ್ನು ಬರೆಯಲು ಕೂತೆ. ಇನ್ನೊಂದು ಹುಡುಗಿ ಏನು ಮಾಡಿದಳು? ಅವಳೇ ನಾನು. ನನಗೇ ಗೊತ್ತಿಲ್ಲ. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ಕೇಳುವುದಾದರೆ ಉಳಿದಿದ್ದವರು ಬೋರಕ್ಕ ಒಬ್ಬರೇ. ಅವರಾದರೂ ಇದ್ದಾರೋ ಇಲ್ಲವೋ ಎಂಬ ಅಳುಕಿನಲ್ಲೇ ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ತಳಕು ದಾಟಿದ ಮೇಲೆ ಗುಡ್ಡಗಳ ನೆತ್ತಿಯ ಮೇಲೆಲ್ಲ ಗಾಳಿಯಂತ್ರಗಳು ತಿರುಗುತ್ತಿದ್ದವು. ನಾವಿದ್ದಾಗ ಅವು ಬರೀ ಗುಡ್ಡಗಳು. ಮೊಳಕಾಲ್ಮೂರಿನಲ್ಲಿ ಇಳಿದು ಸಿದ್ದಾಪುರಕ್ಕೆ ಆಟೊ ಹಿಡಿದೆ. ಆಟೊದವನಿಗೆ ಊರ ಹತ್ತಿರದ ಹಳೇ ಶಾಸನದ ಬಂಡೆ ನೋಡಲು ಬಂದ ಪ್ರವಾಸಿಯ ಹಾಗೆ ಕಂಡೆನೇನೋ, ದಾರಿಯುದ್ದಕ್ಕೂ ನನಗೆ ಇತಿಹಾಸ ಹೇಳಿದ.

ಬೋರಕ್ಕ ಇದ್ದರು. ಅದೇ ಮನೆ, ಮುಂದೆ ಸಿಮೆಂಟಿನ ಜಗುಲಿ ಬಂದಿದೆ. ಮಗ ಕುರಿ ಹೊಡೆದುಕೊಂಡು ಹೋಗಿದ್ದ, ಸೊಸೆ ಬಟ್ಟೆ ಒಗೆಯುತ್ತಿದ್ದಳು. ಬೋರಕ್ಕ ಜಗುಲಿಯ ಮೇಲೆ ಕೂತು ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ನಾನು ಹೆಸರು ಹೇಳಿದೆ. ಹುಬ್ಬಿನ ಮೇಲೆ ಕೈ ಇಟ್ಟುಕೊಂಡು ನೋಡಿದರು.

"ಮೇಷ್ಟ್ರ ಪಾಪನಾ?" ಎಂದರು. "ರಾ ಅಮ್ಮಾ, ಕೂತ್ಕೋ. ಕೂದ್ಲೆಲ್ಲಾ ಬೆಳ್ಳಗಾಗೈತಲ್ಲೇ ನಿಂದು!"

ಸೊಸೆ ಟೀ ತಂದಳು. ಊರಿನ, ಮನೆಯ ಮಾತು ಮುಗಿಯಿತು. ಹೇಗೆ ಶುರುಮಾಡುವುದೆಂದು ತಿಳಿಯದೆ, ಓಬಮ್ಮನ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದೇನೆ ಎಂದೆ. ಬ್ಯಾಗಿನಿಂದ ಹಾಳೆಗಳನ್ನು ತೆಗೆದು ಮೊದಲಿನ ಒಂದೆರಡು ಅಧ್ಯಾಯ ಓದಿದೆ. ಅವರು ಮರಿಯ ಬೆನ್ನು ಸವರುತ್ತ ಕೇಳಿದರು.

"ಅಷ್ಟೊಂದು ಒಳ್ಳೇಕಿ ಇರ್ಲಿಲ್ಲ ಬಿಡು ಅವ್ಳು" ಎಂದರು. "ಬಾಳ ಹಠ. ಸಿಟ್ಟು ಬಂದ್ರೆ ಕಚ್ಚೋಳು. ಅದನ್ನೂ ಬರಿ."

ಬರೆಯುತ್ತೇನೆ ಎಂದೆ. ಕಚ್ಚಿದ್ದು ನನಗೂ ಚೆನ್ನಾಗಿ ನೆನಪಿತ್ತು. ಆಮೇಲೆ ಕೇಳಿದೆ: "ಬೋರಕ್ಕ, ಅವಳು ಹೋದ ಮೇಲೆ ನಾನೇನು ಮಾಡ್ದೆ? ನನಗೆ ಒಂದೂ ನೆನಪಿಲ್ಲ ನೋಡ್ರಿ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ನೆನಪಿಲ್ವಾ? ನೀನು ದಿನಾ ಬರ್ತಿದ್ದೆ ಕಣೆ. ಸ್ಕೂಲ್ ಬಿಟ್ಟ ತಕ್ಷಣ ಇಲ್ಲಿಗೇ. ಇಲ್ಲೇ ಕುಂತು ಅವತ್ತಿನ ಪಾಠ ಎಲ್ಲಾ ನನಗೆ ಒಪ್ಪಿಸ್ತಿದ್ದೆ. ಓಬಮ್ಮ ದಾವಣಗೆರೆ ಸ್ಕೂಲಿಂದ ಬಂದ್ಮ್ಯಾಲೆ ಹೇಳ್ರಿ ಬೋರಕ್ಕ, ಇಲ್ಲಾಂದ್ರೆ ಹಿಂದೆ ಬೀಳ್ತಾಳೆ ಅಂತಿದ್ದೆ. ನಿನಗೆ ಗೊತ್ತಿರ್ಲಿಲ್ಲ. ಮೇಷ್ಟ್ರು ಹೇಳಿರ್ಲಿಲ್ಲ."

"ನೀವು ಹೇಳ್ಬೇಕಿತ್ತಲ್ಲ?"

"ನಾನ್ಯಾಕೆ ಹೇಳ್ಲಿ?" ಬೋರಕ್ಕನ ಕೈ ಮರಿಯ ಬೆನ್ನಿನ ಮೇಲೆ ನಿಂತಿತು. "ನೀನು ಹಂಗೆ ಹೇಳ್ತಿದ್ರೆ, ಅಷ್ಟೊತ್ತು ನನಗೂ ಬರ್ತಾಳೆ ಅನ್ನಿಸ್ತಿತ್ತು. ಮಗ್ಗಿ ಒಪ್ಪಿಸ್ತಿದ್ದೆ, ಪದ್ಯ ಒಪ್ಪಿಸ್ತಿದ್ದೆ. ನಾನು ಹ್ಞೂಂ ಹ್ಞೂಂ ಅಂತಿದ್ದೆ. ಸಂಜೆ ಆಗೋದನ್ನೇ ಕಾಯ್ತಿದ್ದೆ ನಾನು. ಒಂದಿನ ನೀನು ಬಂದು ಕುಂತೆ, ಪಾಠ ಹೇಳ್ಲಿಲ್ಲ. ನಾನೇ ಕೇಳ್ದೆ, ಇವತ್ತೇನು ಪಾಪ ಅಂತ. ನೀನು ನನ್ನ ಮಡಿಲಾಗೆ ಮುಖ ಇಟ್ಟೆ. ಅವತ್ತು ನಿನಗೆ ಗೊತ್ತಾಗಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. "ಅವತ್ತೇ ನನಗೂ ಗೊತ್ತಾದ್ದು. ಮಣ್ಣು ಮಾಡಿ ಬಂದಾಗ್ಲೂ ಗೊತ್ತಾಗಿರ್ಲಿಲ್ಲ."

ಸೊಸೆ ಒಗೆಯುವುದನ್ನು ನಿಲ್ಲಿಸಿ ಬಕೆಟ್ಟಿನ ಪಕ್ಕದಲ್ಲೇ ನಿಂತಿದ್ದಳು.

"ಆಮ್ಯಾಲೂ ನೀನು ಬರೋದು ಬಿಡ್ಲಿಲ್ಲ" ಎಂದರು ಬೋರಕ್ಕ. "ಸುಮ್ಮನೆ ಬಂದು ಮರಿಗೆ ಸೊಪ್ಪು ಹಾಕೋದು, ಹೋಗೋದು. ನಿಮ್ಮಪ್ಪಂಗೆ ವರ್ಗ ಆಗೋವರ್ಗೂ."

ಹೊರಡುವ ಮೊದಲು, ಕಥೆಗೆ ನಾನು ಮೊದಲು ಬರೆದಿದ್ದ ಕೊನೆಯನ್ನೂ ಅವರಿಗೆ ಹೇಳಿದೆ. ಆಪರೇಷನ್ ಆಗಿ ಹುಡುಗಿ ಬದುಕುವುದು, ಬೆಟ್ಟ ಹತ್ತುವುದು. ಕ್ಲಾಸಿನ ಒಬ್ಬ ಹುಡುಗಿ ಅದು ಸುಳ್ಳೆಂದಳು, ತೆಗೆದುಹಾಕುತ್ತೇನೆ ಎಂದೆ.

"ತುದೀ ತನಕ ಹತ್ತಿದ್ಲಾ?" ಎಂದರು.

"ಹತ್ತಿದ್ಲು."

"ಓದು ಅದನ್ನ."

ಓದಿದೆ. ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು. ಅವರು ಕಣ್ಣುಮುಚ್ಚಿಕೊಂಡು ಕೇಳಿದರು. ಗೌರಿ ತುದಿ ಮುಟ್ಟಿ, ಗಾಳಿಗೆ ಹಾರುವ ಲಂಗ ಹಿಡಿದುಕೊಂಡು ಕೆಳಗಿನ ತನ್ನ ಊರು ನೋಡುವ ಜಾಗ ಬಂದಾಗ, ಅವರ ತುಟಿ ಸಣ್ಣಗೆ ಅಲುಗಿತು. ಮುಗಿದ ಮೇಲೆ ಕೈ ಚಾಚಿದರು.

"ಇದು ನನ್ನ ಹತ್ರ ಇರ್ಲಿ. ಮಕ್ಕಳಿಗೆ ನಿಜದ್ದು ಕೊಡು."

ಅಕ್ಷರ ಬಾರದ ಬೋರಕ್ಕ ಆ ಹಾಳೆಗಳನ್ನು ಮಡಚಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಚಳ್ಳಕೆರೆಯವರೆಗೂ ಅತ್ತೆ. ನಲವತ್ತು ದಾಟಿದ ಹೆಂಗಸು ಬಸ್ಸಿನಲ್ಲಿ ಹಾಗೆ ಅಳಬಾರದು ನಿಜ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೈಗೆ ಒಂದು ಹಿಡಿ ಹುರಿಗಡಲೆ ಹಾಕಿದಳು.

ಕೊನೆಯ ಅಧ್ಯಾಯಗಳನ್ನು ಮತ್ತೆ ಬರೆದೆ. ಈ ಸಲ ಗೌರಿ ಬರುವುದಿಲ್ಲ. ಇನ್ನೊಂದು ಹುಡುಗಿ ದಿನಾ ಸಂಜೆ ಹೋಗಿ ಗೌರಿಯ ತಾಯಿಗೆ ಪಾಠ ಒಪ್ಪಿಸುತ್ತಾಳೆ, ತಾಯಿ ಹ್ಞೂಂಗುಟ್ಟುತ್ತಾಳೆ. ಶನಿವಾರ ಅದನ್ನು ಓದಿದಾಗ ಕ್ಲಾಸಿನಲ್ಲಿ ಚಪ್ಪಾಳೆಯಿಲ್ಲ. ಮುಂದಿನ ಬೆಂಚಿನ ಹುಡುಗರು ಕೆಳಗೆ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವವರ ಹಾಗೆ ಮುಖ ಮುಚ್ಚಿಕೊಂಡರು. ಎಲ್ಲರೂ ಹೋದ ಮೇಲೆ ನಸ್ರೀನ್ ಉಳಿದಳು.

"ಮಿಸ್, ಈ ಹಾಳೆ ಮನೆಗೆ ಒಯ್ಲಾ? ಅಮ್ಮಿಗೆ ಕನ್ನಡ ಓದೋಕೆ ಬರಲ್ಲ. ನಾನು ಓದಿ ಹೇಳ್ತೀನಿ."

"ಒಯ್ಯಿ" ಎಂದೆ.

"ನಮ್ಮನೇಲಿ ಯಾರೂ ಭಾಯಿ ಹೆಸರು ಹೇಳಲ್ಲ ಮಿಸ್" ಎಂದಳು. ಹಾಳೆಗಳನ್ನು ಮಡಚದೆ, ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡು ಹೋದಳು.

ಸೋಮವಾರ ತಂದುಕೊಟ್ಟಳು. "ಏನಂದ್ರು ಅಮ್ಮಿ?" ಎಂದು ಕೇಳಲು ನನಗೆ ಭಯ. ಅವಳೇ ಹೇಳಿದಳು. "ಅರ್ಧ ಓದ್ದಾಗ ನಿಲ್ಸು ಅಂದ್ರು. ಅತ್ರು. ಆಮೇಲೆ ಮತ್ತೆ ಓದು ಅಂದ್ರು. ಮುಗಿದ್ಮೇಲೆ ಮುಚ್ಚಿಟ್ಟಿದ್ದ ಗೋಣಿಚೀಲ ತೆಗೆದು ಭಾಯಿ ಸೈಕಲ್ ಹೊರಗೆ ತಂದ್ರು ಮಿಸ್. ನಾನು ಕಲೀಬೇಕಂತೆ."

ಆ ವಾರ ಸಂಜೆ ಮಾರ್ಕೆಟ್ಟಿನಿಂದ ಬರುವಾಗ ಶಾಲೆಯ ಬಯಲಿನಲ್ಲಿ ಅವರಿಬ್ಬರನ್ನು ಕಂಡೆ. ಸೈಕಲ್ ಅವಳಿಗೆ ತುಂಬ ದೊಡ್ಡದು. ಸೀಟಿನ ಮೇಲೆ ಕೂತರೆ ಕಾಲು ಎಟುಕದೆ, ಅಡ್ಡಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದಳು. ಹಿಂದೆ ಅವಳ ತಾಯಿ ಬುರ್ಖಾವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತ ಓಡುತ್ತಿದ್ದರು. ಒಂದು ಸುತ್ತಿಗೇ ಹುಡುಗಿಗೆ ಸಮತೋಲ ಸಿಕ್ಕಿತ್ತು.

"ಛೋಡೊ ಅಮ್ಮಿ, ಛೋಡೊ!" ಎಂದು ಕೂಗುತ್ತಿದ್ದಳು. ಬಿಡು ಅಮ್ಮಿ, ಬಿಡು.

ಅವರು ಬಿಡಲಿಲ್ಲ. ಹಿಡಿದುಕೊಂಡೇ ಅವಳ ಹಿಂದೆ ಇನ್ನೊಂದು ಸುತ್ತು ಓಡಿದರು.